ಹಿಂಬಾಗಿಲಿನಿಂದ ಬಂದ ಒಳ್ಳೆಮೆಣಸು

ಕಾಸರಗೋಡಿನ ಬದಿಯಡ್ಕದ ಯುವ ಓದುಗರೊಬ್ಬರು ಕೇಳಿದ್ದಾರೆ: 'ಯುರೋಪಿನ ದೇಶಗಳು ಸುಂಕ ಬಿಟ್ಟು ಒಂದಾದವು, ಉದ್ಧಾರವಾದವು. ನಾವು 2019ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹೊರಗೆ ಬಂದೆವು. ಹೊರಗಿನ ಅಗ್ಗದ ಅಡಿಕೆ, ಕರಿಮೆಣಸಿಗೆ ಹೆದರಿ ದೇಶ ಬಾಗಿಲು ಹಾಕಿಕೊಳ್ಳಬೇಕಾ ಸಾರ್?'

ಉತ್ತರ: ಇಂಥ ವಿಷಯವನ್ನು ಕನ್ನಡದಲ್ಲಿ ಕೂತು ಬರೆದಿರಲ್ಲ, ಅದಕ್ಕೇ ಮೊದಲು ಖುಷಿಯಾಯಿತು. ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಸುಂಕ ಇಳಿದರೆ ಕೊಳ್ಳುವವರಿಗೆ ಸಾಮಾನು ಅಗ್ಗ, ಕಾರ್ಖಾನೆಗೆ ಬಿಡಿಭಾಗ ಅಗ್ಗ. ಒಪ್ಪಿದೆ.

ಆದರೆ ಯುರೋಪಿನ ಕತೆಯನ್ನು ಅರ್ಧಕ್ಕೇ ಬಿಟ್ಟಿದ್ದೀರಿ. ರೋಮ್ ಒಪ್ಪಂದಕ್ಕೆ 1957ರಲ್ಲಿ ಸಹಿ ಹಾಕಿದ ಆರು ದೇಶಗಳು 1968ರಲ್ಲಿ ಒಳಗಿನ ಸುಂಕ ತೆಗೆದವು. ಜೊತೆಗೇ ಹೊರಗಿನ ಮಾಲಿಗೆ ಆರೂ ಕಡೆ ಒಂದೇ ಸುಂಕ ಇಟ್ಟವು. ಯಾವ ಬಂದರಿನಲ್ಲಿ ಇಳಿಸಿದರೂ ಲೆಕ್ಕ ಅಷ್ಟೇ. ಅಡ್ಡದಾರಿ ಹಿಡಿದು ಲಾಭವಿಲ್ಲ. ರೈತರಿಗಂತೂ 1962ರಿಂದಲೇ ಬೇರೆ ಕಾವಲು. ಧಾನ್ಯ, ಬೆಣ್ಣೆಯ ಬೆಲೆ ಬಿದ್ದರೆ ಸಾರ್ವಜನಿಕ ಹಣದಲ್ಲಿ ಕೊಂಡು ದಾಸ್ತಾನು ಮಾಡುತ್ತಿದ್ದರು.

ನಮ್ಮಲ್ಲಿ ಹಾಗಾ? ಲಂಕೆಯ ಜೊತೆಗಿನ ಒಪ್ಪಂದ 2000ದಲ್ಲಿ ಜಾರಿಗೆ ಬಂತು, ವಿಯೆಟ್ನಾಮೂ ಇರುವ ಆಗ್ನೇಯ ಏಷ್ಯಾದ ದೇಶಗಳ ಕೂಟ ಆಸಿಯಾನ್ ಜೊತೆಗಿನದು 2010ರಲ್ಲಿ. ಲಂಕೆಯ ಮೆಣಸಿಗೆ ಒಂದು ಮಿತಿಯವರೆಗೆ ಸುಂಕವೇ ಇಲ್ಲ. ಒಪ್ಪಂದವಿದ್ದರೂ ವಿಯೆಟ್ನಾಮಿನದಕ್ಕೆ ಭಾರೀ ಸುಂಕ. ಹಾಗಾಗಿ ವಿಯೆಟ್ನಾಮಿನ ಮಾಲು ಲಂಕೆಯ ಕಾಗದ ಹಿಡಿದು ಬರುತ್ತಿದೆ ಎಂದು ಬೆಳೆಗಾರರು ಕೂಗಿ ಕೂಗಿ ಹೇಳಿದರು. ಬೆಲೆಯ ಶೇ. 35 ಭಾಗ ಲಂಕೆಯಲ್ಲೇ ಸೇರಿರಬೇಕು ಎಂಬ ನಿಯಮವೇನೋ ಇತ್ತು. ಆದರೆ ಮೆಣಸಿನ ಕಾಳು ನೋಡಿ ಊರು ಹೇಳಲಾಗುತ್ತದಾ?

2017ರಲ್ಲಿ ನಾನೇ ಎರಡು ಗೋಣಿ ಮೆಣಸು ಜೀಪಿಗೆ ಹಾಕಿಕೊಂಡು ಪೇಟೆಗೆ ಹೋಗಿದ್ದೆ. ಅಪ್ಪ ಅಂಗಳದಲ್ಲಿ ಚಾಪೆ ಹಾಸಿ, ಮೋಡ ಕಂಡಾಗೆಲ್ಲ ಓಡಿ ಬಾಚಿ ಒಣಗಿಸಿದ್ದು. 'ಸ್ವಲ್ಪ ದಿವಸ ಇಡಿ ಅಣ್ಣ, ಲಂಕೆ ಮಾಲು ಬಂದು ಬಿದ್ದಿದೆ' ಎಂದರು ಅಂಗಡಿಯವರು. ಗೋಣಿ ಮತ್ತೆ ಅಟ್ಟಕ್ಕೆ ಏರಿತು. ಆ ಡಿಸೆಂಬರಿನಲ್ಲಿ ಸರಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು, ಅದಕ್ಕಿಂತ ಅಗ್ಗದ ಮಾಲು ತರುವಂತಿಲ್ಲ ಎಂದು. ಲಂಕೆಯ ಒಪ್ಪಂದ ಬರೆಯುವಾಗಲೇ ಈ ಅಡ್ಡದಾರಿ ಹೊಳೆಯಬೇಕಿತ್ತು ಅಲ್ವಾ? ಹೊಳೆಯಲಿಲ್ಲ, ಯಾಕೆಂದರೆ ತೋಟದವರನ್ನು ಯಾರೂ ಕೇಳಿರಲಿಲ್ಲ.

ಗಡಿನಾಡಿನ ಕನ್ನಡಿಗರಾದ ನಮಗಿದು ಹೊಸತಲ್ಲ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸುವಾಗಲೂ ನಮ್ಮ ಮಾತು ನಡೆಯಲಿಲ್ಲ. ಮೊನ್ನೆ ಒಂದು ಕಚೇರಿಯಲ್ಲಿ ತೋಟದ ಸಹಾಯಧನಕ್ಕೆ ಕನ್ನಡ ಅರ್ಜಿ ಕೇಳಿದರೆ, ಮಲಯಾಳದ್ದನ್ನೇ ಕೈಗಿಟ್ಟರು. ಪಕ್ಕದಲ್ಲಿದ್ದ ಅಜ್ಜ ಸುಮ್ನೆ ಹೆಬ್ಬೆಟ್ಟು ಒತ್ತಿ ಹೋದರು. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ.

ನಿಮ್ಮ ಮನೆಯಲ್ಲೂ ಮೆಣಸಿನ ಬಳ್ಳಿ ಇದೆ ಎಂದು ಬರೆದಿದ್ದೀರಿ. ತಂದೆಯವರ ಹತ್ತಿರ ಹಳೇ ಚೀಟಿಗಳಿರುತ್ತವೆ. ವರ್ಷವರ್ಷ ಯಾವ ಬೆಲೆಗೆ ಕೊಟ್ಟರು ಎಂದು ನೋಡಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗೇ ಇಟ್ಟಿದ್ದೇನೆ.