ಅಜ್ಜಿಯ ಮದುವೆಯ ಕಪ್ಪು-ಬಿಳುಪು ಫೋಟೊದಲ್ಲಿ ಹಳದಿ ಕಲೆ, ಗೀರು ಇವೆ. ಕಂಪ್ಯೂಟರಿನಲ್ಲಿ ಸರಿಪಡಿಸುವುದು ಹೇಗೆ?

ಖಂಡಿತ ಆಗುತ್ತದೆ, ಅದೂ ಉಚಿತವಾಗಿ ಸಿಗುವ, ಫೋಟೊ ತಿದ್ದುವ ತಂತ್ರಾಂಶ ಗಿಂಪ್‌ನಲ್ಲೇ. ಮೊದಲು ಸ್ಕ್ಯಾನರ್ ಗಾಜು ಒರೆಸಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. ಫೋಟೊ ಕಪ್ಪು-ಬಿಳುಪು ಆದರೂ ಸ್ಕ್ಯಾನ್ ಮಾತ್ರ ಕಲರ್‌ನಲ್ಲೇ ಇರಲಿ. ಇದು ತುಂಬಾ ಮುಖ್ಯ.

ಯಾಕೆಂದರೆ ಕಲರ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಭಾಗಗಳು (ಚಾನೆಲ್) ಇರುತ್ತವೆ. ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಕಲರ್ಸ್ ಮೆನುವಿನ, ಈ ಮೂರನ್ನೂ ಬೆರೆಸಿ ಕಪ್ಪು-ಬಿಳುಪು ಮಾಡುವ ಮೋನೊ ಮಿಕ್ಸರ್‌ನಲ್ಲಿ ಕೆಂಪಿಗೆ 1, ಉಳಿದೆರಡಕ್ಕೆ 0 ಕೊಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ!

ಆಮೇಲೆ ಲೇಯರ್‌ನ (ಚಿತ್ರದ ಪದರದ) ನಕಲು ಮಾಡಿಕೊಂಡು ಗೀರುಗಳಿಗೆ ಹೀಲ್ ಟೂಲ್ (ಪಕ್ಕದ ಭಾಗವನ್ನು ತಂದು ಹೊಂದಿಸಿ ಬೆರೆಸುವ ಸಾಧನ) ಬಳಸಿ. ಪಕ್ಕದ ಚೆನ್ನಾಗಿರೋ ಜಾಗದಲ್ಲಿ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ, ನಂತರ ಗೀರಿನ ಮೇಲೆ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಬ್ರಷ್ ಗೀರಿಗಿಂತ ತುಸು ದಪ್ಪ ಇದ್ದರೆ ಸಾಕು. ಆದರೆ ಸೀರೆಯ ಅಂಚಿನಂಥ ಕಡೆ, ಅಂದರೆ ಕಪ್ಪು-ಬಿಳುಪು ಸೇರುವಲ್ಲಿ, ಹೀಲ್ ಮಸಿ ಬಳಿದಂತೆ ಮಾಡುತ್ತದೆ. ಅಲ್ಲಿ ಪಕ್ಕದ ಭಾಗವನ್ನು ಹಾಗೆಯೇ ನಕಲಿಸುವ ಕ್ಲೋನ್ ಟೂಲ್ ಒಳ್ಳೆಯದು.

ಕೊನೆಗೆ ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಕಾಂಟ್ರಾಸ್ಟ್ ಸ್ವಲ್ಪ ಏರಿಸಿ. ಮುಖವನ್ನು ಮಾತ್ರ ಜಾಸ್ತಿ ನುಣುಪು ಮಾಡಬೇಡಿ. ಆ ಮಚ್ಚೆಗಳೆಲ್ಲ ಅಜ್ಜಿಯವೇ ಅಲ್ವಾ? ಮೂಲ ಸ್ಕ್ಯಾನ್ ಅನ್ನು ಗುಣಮಟ್ಟ ಕಳೆಯದ ಟಿಫ್ ಫೈಲ್ ಆಗಿ ಬೇರೆಯೇ ಇಟ್ಟುಕೊಳ್ಳಿ.