ಬಾಸ್ ಗಿಟಾರ್ ಸ್ಪೀಕರ್ ಕ್ಯಾಬಿನೆಟ್‌ನ ಟ್ವೀಟರ್ (ತೀಕ್ಷ್ಣ ಸ್ವರಗಳ ಚಿಕ್ಕ ಸ್ಪೀಕರ್) ನಾಬ್ ತಿರುಗಿಸಿದರೆ ಕರಕರ ಸದ್ದು, ಒಮ್ಮೊಮ್ಮೆ ಟ್ವೀಟರ್ ಪೂರ್ತಿ ಬಂದ್. ಏನು ಮಾಡಲಿ?

ಹೆಚ್ಚಿನ ಸಲ ಕೆಟ್ಟಿರುವುದು ಟ್ವೀಟರ್ ಅಲ್ಲ, ನಾಬ್ ಹಿಂದಿರುವ ಎಲ್-ಪ್ಯಾಡ್, ಅಂದರೆ ಟ್ವೀಟರ್ ಸದ್ದನ್ನು ಹೆಚ್ಚು-ಕಡಿಮೆ ಮಾಡುವ ಭಾಗ. ಅದರೊಳಗೆ ತಂತಿ ಸುರುಳಿಯ ಮೇಲೆ ಲೋಹದ ಪಟ್ಟಿಯೊಂದು ಉಜ್ಜುತ್ತಾ ಓಡಾಡುತ್ತದೆ. ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಕಿಲುಬು ಕೂರುತ್ತದೆ, ಅಷ್ಟೇ. ಆಂಪ್ ಆಫ್ ಮಾಡಿ, ನಾಬನ್ನು ಈ ತುದಿಯಿಂದ ಆ ತುದಿಗೆ 20-30 ಸಲ ತಿರುಗಿಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇಲ್ಲದಿದ್ದರೆ ಎಲ್-ಪ್ಯಾಡ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕಗಳನ್ನು ಶುಚಿ ಮಾಡುವ ಸ್ಪ್ರೇ) ಹೊಡೆದು ಮತ್ತೆ ತಿರುಗಿಸಿ.

ಆಗಲೂ ಟ್ವೀಟರ್‌ನಿಂದ ಸದ್ದು ಬರುತ್ತಿಲ್ಲವಾ? ಎಲ್-ಪ್ಯಾಡ್ ಬಿಟ್ಟು, ಕ್ರಾಸೋವರ್‌ನಿಂದ (ಟ್ವೀಟರ್‌ಗೆ ತೀಕ್ಷ್ಣ ಸ್ವರಗಳನ್ನಷ್ಟೇ ಕಳಿಸುವ ಸರ್ಕ್ಯೂಟ್) ಬರುವ ತಂತಿಯನ್ನು ನೇರ ಟ್ವೀಟರ್‌ಗೆ ಕೊಟ್ಟು, ಕಡಿಮೆ ವಾಲ್ಯೂಮ್‌ನಲ್ಲಿ ಕೇಳಿ. ಕ್ರಾಸೋವರನ್ನು ಮಾತ್ರ ಬಿಡಬೇಡಿ, ಟ್ವೀಟರ್ ಸುಟ್ಟೀತು. ಸದ್ದು ಬಂದರೆ ಎಲ್-ಪ್ಯಾಡ್ ಬದಲಿಸಿ: 8 ಓಮ್ ಟ್ವೀಟರ್‌ಗೆ 8 ಓಮ್‌ನದೇ ಬೇಕು, ವ್ಯಾಟ್ ಹಳೆಯದಕ್ಕಿಂತ ಜಾಸ್ತಿಯಿದ್ದರೂ ಪರವಾಗಿಲ್ಲ. ಮಾಮೂಲಿ ವಾಲ್ಯೂಮ್ ಪಾಟ್ (ವಾಲ್ಯೂಮ್ ತಿರುಗಿಸುವ ಸಣ್ಣ ಬಿಡಿಭಾಗ) ಹಾಕಲು ಹೋಗಬೇಡಿ, ಆ ಶಕ್ತಿ ತಡೆಯದೆ ಸುಟ್ಟುಹೋಗುತ್ತದೆ.