ಸ್ಪಾರ್ಸ್ ಇಮೇಜ್ (ಸೊನ್ನೆಗಳಷ್ಟೇ ಇರುವ ಭಾಗಗಳಿಗೆ ಡಿಸ್ಕ್ ಜಾಗ ಬಳಸದ ಡಿಸ್ಕ್ ಇಮೇಜ್) ಕುರಿತ ಪ್ಯಾಚ್, ಅಂದರೆ ಕೋಡ್ ಬದಲಾವಣೆ, ರಿವ್ಯೂ ಮಾಡುವಾಗ ಮೊದಲು ಏನು ನೋಡಬೇಕು?

ನೀವು ರಿವ್ಯೂ ಮಾಡುವ ಪ್ಯಾಚ್ ಕ್ಯೂಇಎಂಯು (ವರ್ಚುವಲ್ ಮಷೀನ್ ಸಾಫ್ಟ್‌ವೇರ್) ಇಮೇಜ್ ಕನ್ವರ್ಟ್, ಅಂದರೆ ಡಿಸ್ಕ್ ಇಮೇಜ್ ಪರಿವರ್ತಿಸಿ ಬರೆಯುವ ಕಮಾಂಡ್‌ನ, ದೊಡ್ಡಕ್ಷರದ ‘ಎಸ್’ ಆಯ್ಕೆಯನ್ನು ಮುಟ್ಟುತ್ತದೆ ಅಂದುಕೊಳ್ಳಿ. ಹಾಗಾದರೆ ಮೊದಲು ಆ ಆಯ್ಕೆಗೆ 0 ಕೊಟ್ಟಾಗ ಏನಾಗುತ್ತದೆ ನೋಡಿ. ಎಷ್ಟು ಬೈಟ್ ಸತತವಾಗಿ ಸೊನ್ನೆಯಿದ್ದರೆ ಆ ಜಾಗ ಬರೆಯದೆ ಬಿಡಬೇಕು ಎಂಬ ಮಿತಿಯೇ ಈ ‘ಎಸ್’ ಆಯ್ಕೆ. ಏನೂ ಕೊಡದಿದ್ದರೆ 4 ಕೆಬಿ, ಕೊಟ್ಟರೆ 512ರ ಗುಣಕವಾಗಿರಬೇಕು. 0 ಕೊಟ್ಟರೆ ಮಾತ್ರ ಸೊನ್ನೆ ಹುಡುಕುವುದೇ ಇಲ್ಲ, ಇಡೀ ಇಮೇಜ್‌ಗೆ ಡಿಸ್ಕ್ ಜಾಗ ಹೋಗುತ್ತದೆ. ಈ ವಿಶೇಷ ಅರ್ಥ ಪ್ಯಾಚ್‌ನಲ್ಲಿ ಕಳೆದುಹೋಗಬಾರದು.

ನನಗೆ ಹೆಚ್ಚು ಭಯ ಬೇರೆ ಕಡೆ. ಗುರಿ (ಕನ್ವರ್ಟ್ ಬರೆಯುವ ಜಾಗ) ಹೊಸ ಫೈಲ್ ಆಗಿದ್ದರೆ ಬರೆಯದೆ ಬಿಟ್ಟ ಜಾಗ ಓದಿದಾಗ ಸೊನ್ನೆಯೇ ಬರುತ್ತದೆ. ಮೊದಲೇ ಬಳಸಿದ ಎಲ್‌ವಿಎಂ ವಾಲ್ಯೂಮ್ (ಲಿನಕ್ಸ್‌ನಲ್ಲಿ ಡಿಸ್ಕ್‌ನಿಂದ ಬೇರ್ಪಡಿಸಿದ ಭಾಗ) ಆಗಿದ್ದರೆ? ಬಿಟ್ಟಲ್ಲೆಲ್ಲ ಹಳೆಯ ಡೇಟಾ ಹಾಗೇ ಕೂತಿರುತ್ತದೆ, ಒಂದು ಎರರ್ ಕೂಡ ಬರುವುದಿಲ್ಲ. ಆದ್ದರಿಂದ ಗುರಿಯಲ್ಲಿ ಈಗಾಗಲೇ ಸೊನ್ನೆಗಳೇ ಇವೆ ಎಂದು ತಿಳಿಸುವ ‘ಟಾರ್ಗೆಟ್ ಈಸ್ ಝೀರೋ’ ಆಯ್ಕೆಯನ್ನು ಬಳಕೆದಾರರೇ ಕೊಡಬೇಕು, ಕೋಡ್ ಊಹಿಸಕೂಡದು.

ಪರೀಕ್ಷೆ ಸುಲಭ: ಗುರಿಯನ್ನು ಮೊದಲು ಸೊನ್ನೆಯಲ್ಲದ ಬೈಟ್‌ಗಳಿಂದ ತುಂಬಿಸಿ, ಅದರ ಮೇಲೆ ಕನ್ವರ್ಟ್ ಮಾಡಿ, ನಂತರ ಎರಡು ಇಮೇಜ್ ಹೋಲಿಸುವ ಕ್ಯೂಇಎಂಯು ಇಮೇಜ್ ಕಂಪೇರ್ ಓಡಿಸಿ. ಆದರೆ ಕಂಪೇರ್ ಸಾಮಾನ್ಯವಾಗಿ ಒಳಗಿನ ಡೇಟಾ ಮಾತ್ರ ಹೋಲಿಸುತ್ತದೆ, ಜಾಗ ಉಳಿಯಿತೋ ಇಲ್ಲವೋ ಹೇಳುವುದಿಲ್ಲ. ಅದಕ್ಕೆ ಫೈಲ್‌ಗೆ ಬರೆದು, ನಿಜವಾಗಿ ಬಳಸಿದ ಜಾಗ ತೋರಿಸುವ ‘ಡಿಯು’ ಕಮಾಂಡ್ ನೋಡಿ: ಫೈಲ್ ಗಾತ್ರ ತೋರಿಸುವ ‘ಎಲ್‌ಎಸ್’ 20 ಜಿಬಿ ತೋರಿಸುವ ಇಮೇಜ್‌ಗೆ ‘ಡಿಯು’ 2 ಜಿಬಿ ತೋರಿಸಬಹುದು. ಈ ಎರಡೂ ಪರೀಕ್ಷೆ ಪ್ಯಾಚ್ ಜೊತೆಗೇ ಬರಲಿ ಎಂದು ಧೈರ್ಯವಾಗಿ ಕೇಳಿ.